ಮುಕ್ಕಾಲು ಸುತ್ತು

ಕ್ಯಾಸೆಟ್ಟಿನ ಒಳಗಿಡುವ ಕಾಗದದಲ್ಲಿ ‘ಬೇಸ್ ಗಿಟಾರ್’ ಎಂಬುದರ ಮುಂದೆ ಯಾರ ಹೆಸರು ಬರಬೇಕೆಂಬುದನ್ನು ಬಾಲರಾಜ್ ಚಹಾ ಆರಿಸಿಕೊಳ್ಳುತ್ತ ಹೇಳಿಬಿಟ್ಟ.

“ನಾಗಾರ್ಜುನ ಬಾರಿಸ್ಲಿ ಬಿಡು ಈರೇಶ. ಬ್ಯಾಸರ ಮಾಡ್ಕಬ್ಯಾಡ. ನಿಂದು ತಪ್ಪು ಅಂತಲ್ಲ. ನಿಂದು ಮಿಲ್ಲಿನ ಮಿಷನ್ ಇದ್ದಂಗೆ, ಒಂದು ಪೆಟ್ಟು ಹೆಚ್ಚಿಲ್ಲ, ಒಂದು ಪೆಟ್ಟು ಕಮ್ಮಿ ಇಲ್ಲ. ಅವನ್ದು ಹಂಗಲ್ಲ. ಮನುಷ್ಯ ನಡದಂಗೆ ನಡೀತೈತೆ.”

“ಮಿಷನ್‌ಗೆ ಎಣ್ಣೆ ಬಿಟ್ರೆ ಅದೂ ನಡೀತೈತೆ ಬಿಡ್ರಿ,” ಎಂದ ಜುಂಜಪ್ಪ. ರಿದಂ ಪ್ಯಾಡ್ ಬಾರಿಸುವ ಅವನಿಗೆ ನಾಲಗೆಯೂ ತಾಳದಲ್ಲೇ ಇತ್ತು. “ಎಣ್ಣೆಗೇನು ಬರ ನಮ್ಮ ಈರೇಶಣ್ಣಂಗೆ.”

ಎಲ್ಲರೂ ನಕ್ಕರು. ಈರೇಶನೂ ನಕ್ಕ. ನಗದೆ ಇದ್ದರೆ ಚೆನ್ನಾಗಿರುವುದಿಲ್ಲ ಎಂಬ ಲೆಕ್ಕ ಆ ಕ್ಷಣಕ್ಕೂ ಅವನ ತಲೆಯಲ್ಲಿತ್ತು.

ಅದು 1998ರ ನವೆಂಬರ್‌ನ ಕೊನೆಯ ಭಾನುವಾರ. ಚಳ್ಳಕೆರೆಯಲ್ಲಿ ಬಾಲರಾಜನ ಫೋಟೋ ಸ್ಟುಡಿಯೋದ ಮಹಡಿಯಲ್ಲಿ ಆರ್ಕೆಸ್ಟ್ರಾದ ಅಭ್ಯಾಸ ನಡೆಯುತ್ತಿತ್ತು. ಅಲ್ಲಿದ್ದವರಲ್ಲಿ ಸಂಗೀತದಿಂದ ಹೊಟ್ಟೆ ಹೊರೆಯುವವರು ಯಾರೂ ಇರಲಿಲ್ಲ. ಬಾಲರಾಜ್ ಮದುವೆಯ ಫೋಟೋ ತೆಗೆಯುತ್ತಿದ್ದ, ಜುಂಜಪ್ಪ ಖಾಸಗಿ ಬಸ್ಸಿನ ಕಂಡಕ್ಟರ್, ಹಾಡುವ ಶೃತಿ ಶಿಶುವಿಹಾರದ ಶಿಕ್ಷಕಿ. ಮೂವತ್ತೆಂಟು ವರ್ಷದ ಈರೇಶ ಕಡಲೆಕಾಯಿ ಎಣ್ಣೆ ಮಿಲ್ಲಿನಲ್ಲಿ ಫಿಟ್ಟರ್. ಹನ್ನೊಂದು ವರ್ಷದಿಂದ ಅವನೇ ಅಲ್ಲಿ ಬೇಸ್ ಬಾರಿಸುತ್ತಿದ್ದ. ಈಗ ದಾವಣಗೆರೆಯ ಒಂದು ಕ್ಯಾಸೆಟ್ ಕಂಪನಿಯವರು ಎಂಟು ಭಕ್ತಿಗೀತೆಗಳನ್ನು ಮಾಡಿಸುವ ಯೋಚನೆಯಲ್ಲಿದ್ದರು. ಅವರ ಕಡೆಯ ಕೊಟ್ಟೂರಪ್ಪ ಎಂಬಾತ ಡಿಸೆಂಬರ್ ಇಪ್ಪತ್ತರ ಭಾನುವಾರ ಬಂದು ಕೇಳುವುದೆಂದು ಗೊತ್ತಾಗಿತ್ತು. ಅಂದು ಬಾರಿಸಿದವರ ಹೆಸರು ಅಚ್ಚಾಗುತ್ತಿತ್ತು.

ಈರೇಶನ ಹೆಸರು ಅಲ್ಲಿಯವರೆಗೆ ಎರಡೇ ಕಡೆ ಅಚ್ಚಾಗಿತ್ತು. ಒಂದು ಲಗ್ನಪತ್ರಿಕೆ, ಇನ್ನೊಂದು ಮತದಾರರ ಪಟ್ಟಿ. ಎರಡನೆಯದರಲ್ಲಿ ಅದು ತಪ್ಪಾಗಿತ್ತು. ಮೂರನೆಯದು ಬರುತ್ತದೆಂದು ಅವನು ಹೆಂಡತಿ ಪುಷ್ಪಲತಾಗೆ ಹೇಳಿಯಾಗಿತ್ತು. ಅವಳು ತವರುಮನೆಗೆ ಹೇಳಿದ್ದಳು. ಮಿಲ್ಲಿನಲ್ಲಿ ಅವನೇ ಹೇಳಿಕೊಂಡಿದ್ದ. ಹೇಳಿದ್ದನ್ನು ಮನೆಮನೆಗೆ ಹೋಗಿ ವಾಪಸು ತೆಗೆದುಕೊಳ್ಳುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ಸ್ಥಾನ ಹೋದದ್ದಕ್ಕಿಂತ ಅದು ಯಾರಿಗೆ ಹೋಯಿತು ಎಂಬುದು ಹೆಚ್ಚು ಚುಚ್ಚಿತು. ನಾಗಾರ್ಜುನ ಮೊಳಕಾಲ್ಮೂರಿನ ನೇಕಾರ. ವಯಸ್ಸು ಇಪ್ಪತ್ತನಾಲ್ಕು. ಎರಡು ವರ್ಷದ ಹಿಂದೆ ಒಂದು ಮದುವೆಯಲ್ಲಿ ಈರೇಶ ಬಾರಿಸುವುದನ್ನು ನೋಡಿ, ಊಟಕ್ಕೂ ಏಳದೆ ವೇದಿಕೆಯ ಪಕ್ಕ ನಿಂತವನು. ಆಮೇಲೆ ಬೆಂಗಳೂರಿನಿಂದ ಒಂದು ಅಗ್ಗದ ಬೇಸ್ ತರಿಸಿಕೊಂಡು, ಅದನ್ನು ಸೀರೆಯ ಗಂಟಿನ ಹಾಗೆ ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದಿದ್ದ. ಅದರ ತಂತಿಗಳು ಕತ್ತಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಿಂದ, ಅಂದರೆ ಫ್ರೆಟ್ಟುಗಳಿಂದ, ಬೆರಳಗಲ ಮೇಲೆ ನಿಂತಿದ್ದವು. ಒತ್ತಿದರೆ ಬೆರಳು ಕೊಯ್ಯುತ್ತಿತ್ತು. ಪ್ಲಗ್ ಹಾಕಿದರೆ ಸ್ವರಕ್ಕಿಂತ ಹೆಚ್ಚಾಗಿ ಜೇನುಹುಳದ ಗುಂಯ್ ಸದ್ದು.

ಅದಕ್ಕೆ ಜೀವ ಬರಿಸಿದವನು ಈರೇಶ. ಕತ್ತು ಮತ್ತು ಒಡಲು ಸೇರುವ ಸಂದಿಯಲ್ಲಿ ಮಿಲ್ಲಿನ ಗ್ಯಾಸ್ಕೆಟ್ ಹಾಳೆಯ ತುಂಡನ್ನು ಕೊಟ್ಟು ಕತ್ತಿನ ಓರೆ ತಿದ್ದಿದ. ತಂತಿ ಕೂರುವ ಕಚ್ಚುಗಳನ್ನು ಸಣ್ಣ ಅರದಿಂದ ಕೂದಲೆಳೆಯಷ್ಟು ಇಳಿಸಿದ. ತಂತಿಯ ಸದ್ದು ಹಿಡಿಯುವ ಪಿಕಪ್ ಕೂರುವ ಗುಳಿಗೆ ತಾಮ್ರದ ತಗಡು ಅಂಟಿಸಿ, ಅರ್ತಿಂಗ್ ವೈರು ಬೆಸೆದು ಗುಂಯ್‌ಗುಡುವುದನ್ನು ನಿಲ್ಲಿಸಿದ. ಕೊನೆಗೆ ಕತ್ತಿನ ಮರದೊಳಗೆ ಹುದುಗಿರುವ ಉಕ್ಕಿನ ಸರಳನ್ನು, ಅಂದರೆ ಟ್ರಸ್ ರಾಡನ್ನು, ಅಲೆನ್ ಕೀ ಹಾಕಿ ಕಾಲು ಸುತ್ತಿನ ಲೆಕ್ಕದಲ್ಲಿ ಬಿಗಿ ಮಾಡಿದ. ಎಂಜಿನ್ನಿಗೆ ಬಳಸುವ ಫೀಲರ್ ಗೇಜಿನಿಂದ ತಂತಿಯ ಅಡಿಯ ಸಂದು ಅಳೆದ. ಎಲ್ಲ ಮುಗಿದ ಮೇಲೆ, ಕಾರು ಒರೆಸಲು ಮಾರುವ ಹಳದಿ ಬಟ್ಟೆಯಿಂದ ತಲೆಯಿಂದ ಒಡಲಿನವರೆಗೆ ಒರೆಸಿ, ಕೊಳೆಯ ಮಗ್ಗುಲು ಒಳಗಾಗುವಂತೆ ಬಟ್ಟೆಯನ್ನು ನಾಲ್ಕು ಮಡಿಕೆ ಮಡಚಿ ಚೀಲಕ್ಕೆ ಹಾಕಿಕೊಂಡ. ಕೆಲಸ ಮುಗಿಯಿತೆಂದರೆ ಒರೆಸಲೇಬೇಕು. ಹದಿನೆಂಟು ವರ್ಷ ಫಿಟ್ಟರ್ ಆಗಿದ್ದವನ ಕೈಗೆ ಅದು ಹತ್ತಿಹೋಗಿತ್ತು.

ಬಾರಿಸುವುದನ್ನು ಹೇಳಿಕೊಟ್ಟವನೂ ಅವನೇ. ಹೆಬ್ಬೆರಳು ಪಿಕಪ್ಪಿನ ಮೇಲೆ ಊರಬೇಕು, ತೋರುಬೆರಳು ನಡುಬೆರಳು ಒಂದಾದ ಮೇಲೊಂದು ಬರಬೇಕು, ಇನ್ನೊಂದು ಕೈಯ ಬೆರಳು ಫ್ರೆಟ್ಟಿನ ಬೆನ್ನಿಗೇ ಬೀಳಬೇಕು. ಇಷ್ಟನ್ನು ನಾಗಾರ್ಜುನ ಆರು ತಿಂಗಳಲ್ಲಿ ಕಲಿತ. ಆಮೇಲೆ ಹೇಳಿಕೊಡದಿದ್ದ ಒಂದನ್ನು ಮಾಡತೊಡಗಿದ. ಸ್ವರ ಹುಟ್ಟಿದ ಮೇಲೆ ಒತ್ತಿದ ಬೆರಳನ್ನು ಅರ್ಧ ಸಡಿಲಿಸಿ, ಸದ್ದನ್ನು ನಡುವೆಯೇ ನಿಲ್ಲಿಸಿ, ಒಂದು ಗಳಿಗೆ ಖಾಲಿ ಬಿಡುತ್ತಿದ್ದ. ಆ ಖಾಲಿಯಲ್ಲಿ ಶೃತಿಯ ದನಿ ಎದ್ದು ನಿಲ್ಲುತ್ತಿತ್ತು.

“ಇದೆಲ್ಲಿ ಕಲ್ತೆ?” ಎಂದು ಈರೇಶ ಕೇಳಿದ್ದ.

“ಮಗ್ಗದಾಗೆ ಅಣ್ಣ. ಲಾಳಿ ಆ ಕಡೀಗೆ ಹೋಗಿ ಮುಟ್ಟೋ ತಂಕ ಕೈ ಸುಮ್ನಿರ್ಬೇಕು. ಅವಸ್ರ ಮಾಡಿದ್ರೆ ಎಳೆ ಕಿತ್ತೋಗ್ತೈತೆ.”

ಈರೇಶ ಮನೆಯಲ್ಲಿ ಗುಟ್ಟಾಗಿ ಅದನ್ನು ಅಭ್ಯಾಸ ಮಾಡಿದ್ದ. ಬರುತ್ತಿತ್ತು. ಆದರೆ ಬಾರಿಸಿದರೆ ಯಾರದೆಂದು ಎಲ್ಲರಿಗೂ ಗೊತ್ತಾಗುತ್ತದೆಂದು ಬಾರಿಸುತ್ತಿರಲಿಲ್ಲ.

ಯೋಚನೆ ಹುಟ್ಟಿದ್ದು ಮಿಲ್ಲಿನಲ್ಲಿ, ಎಣ್ಣೆ ಹಿಂಡುವ ಯಂತ್ರದ ಬೋಲ್ಟು ಬಿಗಿಯುವಾಗ. ಅರ್ಧ ಸುತ್ತು ಹೆಚ್ಚು ಬಿಗಿದರೆ ಆ ಹೊತ್ತಿಗೆ ಏನೂ ಆಗುವುದಿಲ್ಲ. ಎರಡು ಪಾಳಿ ಕಳೆದ ಮೇಲೆ ಬಿಸಿಗೆ ಕಬ್ಬಿಣ ಹಿಗ್ಗಿ ಬೇರಿಂಗ್ ಹಿಡಿದುಕೊಳ್ಳುತ್ತದೆ. ಆಗ ಬೋಲ್ಟು ಬಿಗಿದವನು ಮನೆಯಲ್ಲಿ ಮಲಗಿರುತ್ತಾನೆ.

ಮರವೂ ಹಾಗೆಯೇ. ಟ್ರಸ್ ರಾಡನ್ನು ಮುಕ್ಕಾಲು ಸುತ್ತು ಹೆಚ್ಚು ಬಿಗಿದರೆ ಕತ್ತು ತಕ್ಷಣ ಬಾಗುವುದಿಲ್ಲ. ಒಂದು ರಾತ್ರಿ, ಎರಡು ರಾತ್ರಿ ಬೇಕು. ನಿಧಾನವಾಗಿ ಬೆನ್ನ ಕಡೆಗೆ ಬಾಗಿ, ತಂತಿಗಳು ಮೊದಲ ಐದು ಫ್ರೆಟ್ಟುಗಳ ಮೇಲೆ ಹೋಗಿ ಮಲಗಿಬಿಡುತ್ತವೆ. ಎಲ್ಲಿ ಒತ್ತಿದರೂ ಟರ್ ಎನ್ನುವ ಸದ್ದು. ಭಕ್ತಿಗೀತೆಯ ಬೇಸೆಲ್ಲ ಇರುವುದು ಆ ಐದರಲ್ಲೇ.

ಇದರ ಸೊಗಸೆಂದರೆ ಇದು ಅಪರಾಧವೆಂದು ಯಾರಿಗೂ ಗೊತ್ತಾಗುವುದಿಲ್ಲ. ಕದ್ದರೆ ಹುಡುಕುತ್ತಾರೆ, ಒಡೆದರೆ ಕೇಳುತ್ತಾರೆ. ಮರ ಬಾಗಿದರೆ ಯಾರನ್ನು ಕೇಳುವುದು? ನಾಗಾರ್ಜುನನ ಬೇಸ್ ಗುಂಡಿಮಗ್ಗದ ಕೋಣೆಯಲ್ಲಿ ತೂಗುತ್ತಿತ್ತು. ರೇಷ್ಮೆಯ ಎಳೆ ಒಣಗಿ ಕಡಿಯದಿರಲೆಂದು ಆ ಕೋಣೆಯನ್ನು ಸದಾ ತಂಪಾಗಿ, ತೇವವಾಗಿ ಇಡುತ್ತಾರೆ. ಅಲ್ಲಿಂದ ಚಳ್ಳಕೆರೆಯ ಒಣಹವೆಗೆ ತಂದರೆ ಮರ ಬಾಗದೆ ಇರುತ್ತದೆಯೇ? ಈ ಮಾತನ್ನು ಹೇಳಬೇಕಾದವನು ಈರೇಶ. ನಂಬದೆ ಇರಲು ಎದುರು ವಾದಿಸುವಷ್ಟು ತಿಳಿದವರು ಎರಡೂ ತಾಲ್ಲೂಕಿನಲ್ಲಿ ಇರಲಿಲ್ಲ. ಟ್ರಸ್ ರಾಡ್ ಎಂಬುದೊಂದು ಇದೆಯೆಂದು ತಿಳಿದವನು ಅವನೊಬ್ಬನೇ. ಅದಕ್ಕೆ ಹೊಂದುವ ಅಲೆನ್ ಕೀ ಇದ್ದದ್ದೂ ಅವನ ಚೀಲದಲ್ಲಿ ಮಾತ್ರ.

ಆಗ ನಾಗಾರ್ಜುನನಿಗೆ ಬಾರಿಸಲು ಈರೇಶನ ಬೇಸನ್ನು ಕೊಡೆಂದು ಯಾರೂ ಕೇಳುವಂತಿರಲಿಲ್ಲ. ಅವನು ಎಡಚ. ಹನ್ನೊಂದು ವರ್ಷದ ಹಿಂದೆಯೇ ತನ್ನ ಬೇಸಿನ ತಂತಿಗಳನ್ನು ತಿರುವುಮುರುವಾಗಿ ಹಾಕಿ, ಪಟ್ಟಿ ಸಿಕ್ಕಿಸುವ ಗುಬುಟನ್ನು ಇನ್ನೊಂದು ಕೊಂಬಿಗೆ ಬದಲಿಸಿಕೊಂಡಿದ್ದ. ಅದನ್ನು ಅವನಲ್ಲದೆ ಬೇರೆಯವರು ಹಿಡಿದರೆ ಕನ್ನಡಿಯಲ್ಲಿ ನೋಡಿ ಸಹಿ ಹಾಕಿದಂತಾಗುತ್ತಿತ್ತು.

ಉಳಿದದ್ದು ದಿನ ಮತ್ತು ಬಾಗಿಲು. ದಿನ ತಾನಾಗಿ ಬಂತು. ಡಿಸೆಂಬರ್ ಹದಿನೆಂಟು, ಶುಕ್ರವಾರ, ಅಮಾವಾಸ್ಯೆ. ಅಮಾವಾಸ್ಯೆಯಂದು ನಾಗಾರ್ಜುನನ ಬೀದಿಯಲ್ಲಿ ಮಗ್ಗ ಆಡುವುದಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ ಇಡೀ ಬೀದಿ ಊರ ಹೊರಗಿನ ಚೌಡೇಶ್ವರಿ ಗುಡಿಗೆ ಹೋದರೆ ಊಟ ಮುಗಿಸಿ ಬರುವುದು ಎರಡು ಗಂಟೆಗೆ. ಬೀಗದ ಕೈಯನ್ನು ನಾಗಾರ್ಜುನನ ತಾಯಿ ಚಿತ್ತಮ್ಮ ಬಾಗಿಲ ಪಕ್ಕದ ದೀಪದ ಗೂಡಿನಲ್ಲಿ ಇಟ್ಟು ಹೋಗುವುದನ್ನು ಈರೇಶ ಎರಡು ಸಲ ನೋಡಿದ್ದ. ನೋಡಿದ್ದು ಅವಳ ಮನೆಗೆ ಊಟಕ್ಕೆ ಹೋದಾಗ. ಇದನ್ನು ನೆನೆದಾಗಲೆಲ್ಲ ಅವನು ಬೇರೆ ವಿವರಕ್ಕೆ ಮನಸ್ಸು ಹೊರಳಿಸುತ್ತಿದ್ದ. ವಿವರಗಳು ಬೇಕಾದಷ್ಟಿದ್ದವು.

ಮೊದಲನೆಯದು, ತನ್ನ ಮೇಲೆ ಅನುಮಾನ ಬಾರದಂತೆ ಒಂದು ಸಾಕ್ಷಿ. ಅದಕ್ಕಾಗಿ ಗುರುವಾರ ಸಂಜೆ, ಕೊನೆಯ ಅಭ್ಯಾಸದ ದಿನ, ಎಲ್ಲರೆದುರು ಅವನು ನಾಗಾರ್ಜುನನ ಬೇಸಿಗೆ ಹೊಸ ತಂತಿ ಹಾಕಿ, ಸಂದು ಅಳೆದು, ಶ್ರುತಿ ಮಾಡಿ ಕೊಟ್ಟ. ಅಂಥ ಕೆಲಸವನ್ನು ಅವನು ತನ್ನ ಬೇಸಿಗೂ ಮಾಡಿರಲಿಲ್ಲ. ಕೆಳಗಿನ ತಂತಿಯಿಂದ ಮೇಲಿನ ತಂತಿಯವರೆಗೆ ಒಂದೇ ತೂಕದ ಸದ್ದು.

“ದೇವ್ರಂಥ ಕೈ ಕಣಲೇ ನಿಂದು,” ಎಂದ ಬಾಲರಾಜ್. ಅವನ ದನಿಯಲ್ಲಿ ಸಮಾಧಾನವಿತ್ತು. ಈರೇಶ ಮುನಿಸಿಕೊಂಡಿಲ್ಲ ಎಂಬ ಸಮಾಧಾನ.

“ತನ್ನ ಸೀಟು ಬಿಟ್ಕೊಟ್ಟು ಕುಶನ್ನೂ ಹೊಲ್ಸಿ ಕೊಡ್ತಾನಲ್ಲಪ್ಪ ಈ ಮನುಷ್ಯ,” ಎಂದ ಜುಂಜಪ್ಪ. “ನಮ್ಮ ಬಸ್ಸಿನಾಗೆ ಇಂಥ ಒಬ್ಬ ಪ್ಯಾಸೆಂಜರೂ ಸಿಗ್ಲಿಲ್ಲ ನಂಗೆ.”

ನಾಗಾರ್ಜುನ ಬಗ್ಗಿ ಈರೇಶನ ಕಾಲು ಮುಟ್ಟಲು ಬಂದ. ಈರೇಶ ಎರಡು ಹೆಜ್ಜೆ ಹಿಂದೆ ಸರಿದ.

“ಅದೆಲ್ಲ ಬ್ಯಾಡ. ಕೇಳಿಲ್ಲಿ, ಹೊಸ ತಂತಿ ಹಿಗ್ಗಿ ನೆಲೆ ನಿಲ್ಬೇಕು. ಭಾನುವಾರದ ತಂಕ ಬಾರಿಸ್ಬ್ಯಾಡ. ಗೂಟಕ್ಕೆ ತೂಗಾಕಿ ಬಿಟ್ಬಿಡು.”

“ಆತಣ್ಣ. ಮುಟ್ಟಲ್ಲ.”

ಅವನು ಹೇಳಿದಂತೆ ಕೇಳುವವನು. ಮುಟ್ಟುವುದಿಲ್ಲ ಎಂದರೆ ಮುಟ್ಟುವುದಿಲ್ಲ. ಯೋಜನೆಯ ಎರಡನೆಯ ಕೀಲಿ ಅದೇ ಆಗಿತ್ತು.

ಶುಕ್ರವಾರ ಈರೇಶನದು ಸಂಜೆ ನಾಲ್ಕರ ಪಾಳಿ. ಬೆಳಿಗ್ಗೆ ಕೈಯನ್ನು ಸೋಪು, ಸೀಗೆಪುಡಿ, ಮತ್ತೆ ಸೋಪು ಹಾಕಿ ಮೂರು ಸಲ ತೊಳೆದ. ರೇಷ್ಮೆ ನೇಯುವ ಮನೆಯಲ್ಲಿ ಎಣ್ಣೆ ಎಂದರೆ ಹಾವು ಹೊಕ್ಕಂತೆ. ತಲೆಗೆ ಎಣ್ಣೆ ಹಚ್ಚಿದ ದಿನ ಚಿತ್ತಮ್ಮ ಮಗ್ಗದ ಹತ್ತಿರ ಸುಳಿಯುತ್ತಿರಲಿಲ್ಲ. ಅರ್ಧ ನೇಯ್ದ ಸೀರೆಯ ಮೇಲೆ ಕಡಲೆಕಾಯಿ ಎಣ್ಣೆಯ ಒಂದು ಬೆರಳ ಗುರುತು ಬಿದ್ದರೆ ಅವಳ ಕಣ್ಣಿಗೆ ಅದು ಊರಗಲ ಕಾಣುತ್ತದೆ. ಆದ್ದರಿಂದ ಒಗೆದ ಅಂಗಿ, ಒಗೆದ ಪ್ಯಾಂಟು. ಮಗ್ಗದಿಂದ ಒಂದು ಮಾರು ದೂರ ನಿಲ್ಲುವುದು. ಯಾವುದಕ್ಕೂ ಒರಗದಿರುವುದು. ಯಾರಾದರೂ ನೋಡಿ ಕೇಳಿದರೆ ಉತ್ತರವೂ ಇತ್ತು. ಗುರುವಾರ ಬಿಚ್ಚಿದ ಹಳೆಯ ತಂತಿಗಳ ಪೊಟ್ಟಣವನ್ನು ನಾಗಾರ್ಜುನ ಮರೆತು ಹೋಗಿದ್ದ. ಅದನ್ನು ಕೊಡಲು ಬಂದೆ ಎನ್ನುವುದು. ಪೊಟ್ಟಣವನ್ನು ಮರೆಯುವ ಹಾಗೆ ಮೂಲೆಯಲ್ಲಿ ಇಟ್ಟವನು ಅವನೇ.

ಹನ್ನೊಂದೂ ಕಾಲಿಗೆ ಮೊಳಕಾಲ್ಮೂರಿನಲ್ಲಿ ಇಳಿದ. ದಿನವೂ ಖಟಖಟ ಎನ್ನುವ ಬೀದಿ ಅಂದು ಮೌನವಾಗಿತ್ತು. ಒಂದು ಜಗುಲಿಯ ಮೇಲೆ ಕಣ್ಣು ಮಂಜಾದ ಮುದುಕಿ ಕೂತಿದ್ದಳು. “ಎವರಪ್ಪಾ?” ಎಂದು ತೆಲುಗಿನಲ್ಲಿ ಯಾರೆಂದು ಕೇಳಿ, ಉತ್ತರ ಬರದಿದ್ದರೂ ಮತ್ತೆ ಕೇಳಲಿಲ್ಲ. ಬೀಗದ ಕೈ ಗೂಡಿನಲ್ಲಿತ್ತು.

ಒಳಗೆ ಊದುಬತ್ತಿಯ ವಾಸನೆ ಇನ್ನೂ ಇತ್ತು. ಮಗ್ಗದ ಕೋಣೆಯ ಕಿಟಕಿ ಮುಚ್ಚಿತ್ತು. ದೀಪ ಹಾಕಿದರೆ ಕಿಟಕಿಯ ಬಿರುಕಿನಿಂದ ಬೀದಿಗೆ ಕಾಣುತ್ತದೆಂದು ಹಾಕಲಿಲ್ಲ. ಹಾಕಬೇಕಾಗಿಯೂ ಇರಲಿಲ್ಲ. ಆ ಬೇಸಿನ ಪ್ರತಿ ತಿರುಪೂ ಅವನ ಬೆರಳಿಗೆ ಗೊತ್ತಿತ್ತು. ಗೂಟದಿಂದ ಇಳಿಸಿ, ತಲೆಯ ಭಾಗದಲ್ಲಿರುವ ಕಪ್ಪು ಮುಚ್ಚಳದ ಎರಡು ತಿರುಪುಗಳನ್ನು ಕತ್ತಲಲ್ಲೇ ಬಿಚ್ಚಿದ. ಮುಚ್ಚಳದ ಮೇಲೆ ಬೆರಳಿಗೆ ಏನೋ ತರಿತರಿಯಾಗಿ ತಾಗಿತು. ಧೂಳು. ಅಲೆನ್ ಕೀ ಒಳಗೆ ಹೋಗಿ ಕೂತಿತು. ಕಾಲು. ಅರ್ಧ. ಇಲ್ಲಿ ಅವನ ಕೈ ಒಂದು ಕ್ಷಣ ನಿಂತಿತು. ಗ್ಯಾಸ್ಕೆಟ್ ಹಾಳೆಯನ್ನು ಕತ್ತರಿಸಿದ ಭಾನುವಾರ ನೆನಪಾಯಿತು. ಮೊದಲ ಸಲ ಸರಿಯಾದ ಸ್ವರ ಕೇಳಿ ಬೆರಗಾದ ನಾಗಾರ್ಜುನನ ಮುಖ, “ತಿನಯ್ಯಾ, ಬಡವಾಗೀಯ” ಎಂದು ಎರಡನೆಯ ಸಲ ಮುದ್ದೆ ಇಟ್ಟ ಚಿತ್ತಮ್ಮ. ಮುಕ್ಕಾಲು.

ಮುಚ್ಚಳ ಹಾಕಿದ. ಹಳದಿ ಬಟ್ಟೆ ತೆಗೆದು ತಲೆಯಿಂದ ಒಡಲಿನವರೆಗೆ ಒರೆಸಿದ. ಬಟ್ಟೆಯನ್ನು ನಾಲ್ಕು ಮಡಿಕೆ ಮಡಚಿದ. ಬೇಸ್ ಗೂಟಕ್ಕೆ, ಬೀಗದ ಕೈ ಗೂಡಿಗೆ. ಮಗ್ಗದ ಹತ್ತಿರ ಹೋಗಲಿಲ್ಲ, ಯಾವುದಕ್ಕೂ ಒರಗಲಿಲ್ಲ. ಒಳಗಿದ್ದದ್ದು ಒಟ್ಟು ಒಂಬತ್ತು ನಿಮಿಷ. ಎರಡೂ ಕಾಲಿಗೆ ಚಳ್ಳಕೆರೆಯಲ್ಲಿದ್ದ, ನಾಲ್ಕಕ್ಕೆ ಪಾಳಿಯಲ್ಲಿದ್ದ. ಅಂದು ರಾತ್ರಿ ಪುಷ್ಪಲತಾ ಇಟ್ಟ ಊಟ ಸೇರಲಿಲ್ಲ. ಮಿಲ್ಲಿನ ಹೊಗೆ ಎಂದ.

ಭಾನುವಾರ ಎಲ್ಲ ಅವನು ಬರೆದಿಟ್ಟಂತೆ ನಡೆಯಿತು. ಕೊಟ್ಟೂರಪ್ಪ ದಪ್ಪ ಕನ್ನಡಕದ, ಮಾತು ಕಡಿಮೆಯ ಮನುಷ್ಯ. ಕುರ್ಚಿ ಎಳೆದುಕೊಂಡು ಕಣ್ಣು ಮುಚ್ಚಿ ಕೂತ. ಶೃತಿ ಆರಂಭಿಸಿದಳು. ನಾಗಾರ್ಜುನನ ಮೊದಲ ಸ್ವರವೇ ಟರ್ ಎಂದಿತು. ಎರಡನೆಯದೂ. ಅವನು ಬೆರಳು ಗಟ್ಟಿಯಾಗಿ ಒತ್ತಿದ, ಮೆಲ್ಲಗೆ ಒತ್ತಿದ, ಜಾಗ ಬದಲಿಸಿದ. ಕಿವಿ ಕೆಂಪಾದವು. ಕೊಟ್ಟೂರಪ್ಪ ಕಣ್ಣು ತೆರೆದ.

“ಏನಾಯ್ತಲೇ?” ಎಂದ ಬಾಲರಾಜ್.

“ಗೊತ್ತಿಲ್ಲಣ್ಣ. ಮೊನ್ನೆ ಚೆನ್ನಾಗಿತ್ತು. ನಾ ಮುಟ್ಟೇ ಇಲ್ಲ.”

ಈರೇಶ ಎದ್ದುಬಂದು ಬೇಸನ್ನು ಬಂದೂಕಿನಂತೆ ಕಣ್ಣಿನ ಮಟ್ಟಕ್ಕೆ ಹಿಡಿದು ಕತ್ತಿನ ಗೆರೆ ನೋಡಿದ. ನೋಡಬೇಕಾದಷ್ಟು ಹೊತ್ತು ನೋಡಿದ.

“ಮರ ಬಾಗೈತೆ. ಮಗ್ಗದ ಕ್ವಾಣೆ ತೇವ. ಹೇಳಿದ್ನಲ್ಲ, ಹಂಗೆ ಆಗ್ತೈತೆ.” ಹಿಂದೆಂದೂ ಅವನು ಹೇಳಿರಲಿಲ್ಲ. ಆದರೆ ಹೇಳಿರಬಹುದೆಂದು ಎಲ್ಲರಿಗೂ ಅನ್ನಿಸಿತು.

“ಸರಿ ಮಾಡಾಕೆ ಆಗಲ್ವಾ?”

“ಸಾಮಾನು ಮನೇಲೈತೆ. ತಂದ್ರೂ ಇವತ್ತು ಆಗಲ್ಲ. ಮರ ವಾಪಸು ಬರಾಕೆ ಎರಡು ದಿನ ಬೇಕು.” ಚೀಲವನ್ನು ಮನೆಯಲ್ಲಿ ಬಿಟ್ಟುಬಂದದ್ದೂ ಲೆಕ್ಕದಲ್ಲೇ ಇತ್ತು. ಮತ್ತು ಕೊನೆಯ ಮಾತು ನಿಜವಾಗಿತ್ತು.

ನಾಗಾರ್ಜುನ ತನ್ನ ಪಟ್ಟಿ ಬಿಚ್ಚಿ ನಿಂತ. “ಅಣ್ಣ, ನೀವು ಬಾರಿಸ್ರಿ. ನಿಮ್ದು ತಂದೀರಲ್ಲ.” ದನಿಯಲ್ಲಿ ಅಸಮಾಧಾನವಿರಲಿಲ್ಲ. ಈರೇಶನ ಬೇಸಿನ ವೈರನ್ನು ಅವನೇ ಬಿಡಿಸಿ ಆಂಪ್ಲಿಫೈಯರ್‌ಗೆ ಸಿಕ್ಕಿಸಿದ. ಆಮೇಲೆ ಹೋಗಿ ಹಿಂದಿನ ಗೋಡೆಗೆ ಒರಗಿ ನಿಂತು, ಇಡೀ ಹಾಡಿಗೆ ಕಾಲಿನಲ್ಲಿ ತಾಳ ಹಾಕಿದ.

ಈರೇಶ ಬಾರಿಸಿದ. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ, ತಾನು ತೀರ್ಮಾನಿಸುವ ಮೊದಲೇ, ಅವನ ಬೆರಳು ಅರ್ಧ ಸಡಿಲಿ ಸ್ವರವನ್ನು ನಿಲ್ಲಿಸಿ ಒಂದು ಗಳಿಗೆ ಖಾಲಿ ಬಿಟ್ಟಿತು. ಶೃತಿಯ ದನಿ ಎದ್ದು ನಿಂತಿತು. ಗೋಡೆಯ ಹತ್ತಿರ ನಾಗಾರ್ಜುನನ ಮುಖ ಅರಳಿತು. ಈರೇಶ ಮತ್ತೆ ಆ ಕಡೆ ನೋಡಲಿಲ್ಲ.

“ನಡುವೆ ಜಾಗ ಬಿಡ್ತೀರಲ್ಲ, ಅದು ಚೆನ್ನಾಗೈತೆ,” ಎಂದ ಕೊಟ್ಟೂರಪ್ಪ. ಅಂದು ಅವನಾಡಿದ ಉದ್ದನೆಯ ಮಾತು ಅದೇ. ಜೇಬಿನಿಂದ ಡೈರಿ ತೆಗೆದು, “ಹೆಸರು?” ಎಂದು ಕೇಳಿದ. ಈರೇಶ ಹೇಳಿದ. ಕಾಗುಣಿತ ಸರಿಯಾಗಿದೆಯೇ ಎಂದು ಬಗ್ಗಿ ನೋಡಿದ. ಸರಿಯಾಗಿತ್ತು.

ಆ ವಾರ ಅವನು ಉಪಕರಣಗಳ ಚೀಲವನ್ನು ಬಿಚ್ಚಲಿಲ್ಲ. ಮಂಚದ ಕೆಳಗೆ ಹಿಂದಕ್ಕೆ ತಳ್ಳಿದ್ದ. ಪುಷ್ಪಲತಾ ತವರಿನವರಿಗೆ ಎಷ್ಟು ಕ್ಯಾಸೆಟ್ ಬೇಕೆಂದು ಕೇಳಿದರೆ ರೇಗಿದ. ಮಿಲ್ಲಿನಲ್ಲಿ ಯಾರೋ ಅಭಿನಂದಿಸಿದರೆ ಬೋಲ್ಟು ಹುಡುಕುವವನಂತೆ ಬಗ್ಗಿದ. ಆದರೂ ಯೋಜನೆಯನ್ನು ಮೊದಲಿಂದ ಕೊನೆಯವರೆಗೆ ಮತ್ತೆ ಮತ್ತೆ ಪರೀಕ್ಷಿಸಿದಾಗಲೆಲ್ಲ ಅದು ಎಲ್ಲೂ ಸಡಿಲಿರಲಿಲ್ಲ. ಬೀಗ, ಬೀಗದ ಕೈ, ಮುದುಕಿ, ಎಣ್ಣೆ, ಚೀಲ. ಎಲ್ಲ ತಾನಿಟ್ಟ ಜಾಗದಲ್ಲೇ ಇದ್ದವು. ಬೇಸನ್ನು ಒಂದು ದಿನ ರಿಪೇರಿಗೆ ತಂದೇ ತರುತ್ತಾರೆ; ಆಗ ಮುಕ್ಕಾಲು ಸುತ್ತು ಹಿಂದಕ್ಕೆ ತಿರುಗಿಸಿದರೆ ಆಗಿದ್ದೇ ಇಲ್ಲದಂತಾಗುತ್ತದೆ. ಆ ದಿನ ಬೇಗ ಬರಲೆಂದು ಅವನು ನಿಜವಾಗಿಯೂ ಹಾರೈಸಿದ.

ಮುಂದಿನ ಭಾನುವಾರವೇ ಬಂತು. ಹತ್ತು ಗಂಟೆಯ ಹೊತ್ತಿಗೆ ನಾಗಾರ್ಜುನ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಬಟ್ಟೆ ಸುತ್ತಿದ ಬೇಸ್, ಹಿಂದೆ ಚಿತ್ತಮ್ಮ. ಅವಳು ಅವನ ಮನೆಗೆ ಬಂದದ್ದು ಅದೇ ಮೊದಲು.

“ಬರ್ರಿ ಅಮ್ಮ, ನೀವ್ಯಾಕೆ ಅಷ್ಟು ದೂರ ಬಂದ್ರಿ,” ಎಂದ ಈರೇಶ.

“ಬರ್ಬೇಕಿತ್ತು ನಾಯನಾ. ತಪ್ಪು ನಂದು. ಮಗನ ಕೈಲಿ ಹೇಳ್ಕಳ್ಸೋದಲ್ಲ.” ಅವಳು ಚಾಪೆಯ ಮೇಲೆ ಕೂತರೂ ನೆಟ್ಟಗೆ ಕೂರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು.

“ಎಂಟು ದಿನದಿಂದ ಊಟ ಸರ್ಯಾಗಿ ಮಾಡಿಲ್ಲಣ್ಣ,” ಎಂದ ನಾಗಾರ್ಜುನ. “ಅವ್ವಂಗೆ ಹೇಳ್ರಿ, ಅದ್ಕೂ ಇದ್ಕೂ ಸಂಬಂಧ ಇಲ್ಲ ಅಂತ.”

“ಯಾವ್ದಕ್ಕೆ?” ಎನ್ನುತ್ತ ಈರೇಶ ಮಂಚದ ಕೆಳಗಿನಿಂದ ಚೀಲ ಎಳೆದ. ಕೆಲಸ ಬೇಗ ಮುಗಿದರೆ ಸಾಕಾಗಿತ್ತು. ಅಲೆನ್ ಕೀ ತೆಗೆದಿಟ್ಟ. ಫೀಲರ್ ಗೇಜ್ ತೆಗೆದಿಟ್ಟ. ಮೇಜಿನ ಮೇಲೆ ಬೇಸ್ ಮಲಗಿಸುವ ಮೊದಲು ಎಂದಿನಂತೆ ಹಾಸಲು ಹಳದಿ ಬಟ್ಟೆ ತೆಗೆದುಕೊಂಡ.

“ತೇವಕ್ಕೆ ಬಾಗ್ತು ಅಂದ್ರಂತೆ ನೀವು,” ಎಂದಳು ಚಿತ್ತಮ್ಮ. “ಅಮಾಸೆ ದಿನ ಬೆಳಿಗ್ಗೆ ಮಗ್ಗಕ್ಕೆ, ಲಾಳಿಗೆ ಕುಂಕುಮ ಇಡೋವಾಗ, ಇದೂ ನನ್ ಮಗನ ಕಸುಬೇ ಅಲ್ವಾ ಅಂತ ಇದ್ರ ತಲಿಗೂ ಇಟ್ಟೆ. ನೀರಾಗೆ ಕಲಸಿದ್ದು. ಹಸಿ ಇತ್ತು. ಗುಡಿಯಿಂದ ಬಂದು ನೋಡಿದ್ರೆ ಒಂದು ಚೂರೂ ಇಲ್ಲ. ಮುಂದಿನ ಅಮಾಸೆ ತಂಕ ಆ ಕುಂಕುಮನ ನಮ್ಮನೇಲಿ ಯಾರೂ ಒರ್ಸಲ್ಲ, ಮುಟ್ಟಲ್ಲ. ಆ ನೀರೆಲ್ಲ ಮರ ಕುಡ್ದುಬಿಟ್ಟೈತೆ, ಅದ್ಕೇ ಕೆಟ್ಟೈತೆ ಅಂತ ಇವ್ನಿಗೆ ಹೇಳ್ತಾ ಇದೀನಿ. ನನ್ನಿಂದ ಮಗನ ಹೆಸರು ಹೋಯ್ತು ನಾಯನಾ. ನಿಮ್ಮ ಕೆಲ್ಸಕ್ಕೂ ಕೆಟ್ಟ ಮಾತು ಬಂತು.”

ಈರೇಶನಿಗೆ ಅವಳ ಮಾತು ತಿಳಿಯಲು ಎಷ್ಟು ಹೊತ್ತು ಬೇಕಾಯಿತೋ ಅಷ್ಟು ಹೊತ್ತಿನಲ್ಲಿ ಅವನ ಕೈಗಳು, ಹದಿನೆಂಟು ವರ್ಷದ ರೂಢಿಯಂತೆ, ನಾಲ್ಕು ಮಡಿಕೆಗಳನ್ನೂ ಬಿಚ್ಚಿ ಬಟ್ಟೆಯನ್ನು ಮೇಜಿನ ಮೇಲೆ ಅಗಲವಾಗಿ ಹಾಸಿ, ಸುಕ್ಕು ಹೋಗುವಂತೆ ಅಂಗೈಯಿಂದ ತೀಡಿ ಮುಗಿಸಿದ್ದವು. ಆ ಶುಕ್ರವಾರದ ನಂತರ ಅದನ್ನು ಬಿಚ್ಚಿದ್ದು ಇದೇ ಮೊದಲು. ಹಳದಿಯ ನಡುವೆ, ಒರೆಸಿದ ಕೈ ಸಾಗಿದ ದಿಕ್ಕಿಗೇ, ಮೂರು ಬೆರಳಗಲದ ಕುಂಕುಮ ಒಣಗಿ ಕೂತಿತ್ತು. ಚಿತ್ತಮ್ಮ ಸೆರಗು ಸುತ್ತುವುದನ್ನು ನಿಲ್ಲಿಸಿದಳು. ಬಟ್ಟೆಯ ಮೇಲೆ ಮಲಗಿಸಲು ಎರಡೂ ಕೈಯಲ್ಲಿ ಬೇಸ್ ಹಿಡಿದು ಬಗ್ಗಿದ್ದ ನಾಗಾರ್ಜುನ ಅದನ್ನು ಕೆಳಗೆ ಇಡಲಿಲ್ಲ.